ದೇವರ ಮನೆಯ ತೂಗುದೀಪ

ನನಗೆ ಸಿಟ್ಟು ಮೂಗಿನ ಮೇಲೆ. ನಮ್ಮ ಮನೆಯವರಿಗೆಲ್ಲ ಗೊತ್ತು, ನಾನು ಕೆಲಸ ಮಾಡೋ ಕಾಲೇಜಿನ ಆಫೀಸಿನವರಿಗೂ ಗೊತ್ತು. ಸಿಟ್ಟಲ್ಲಿ ಆಡಿದ್ದನ್ನು ಸಂಜೆಯೊಳಗೆ ಮರೆತುಬಿಡ್ತೀನಿ ಅಂತ ಜಂಬ ಬೇರೆ. ಕೇಳಿಸಿಕೊಂಡವರು ಮರೀತಾರಾ ಅಂತ ಯೋಚನೆ ಮಾಡಿದವಳೇ ಅಲ್ಲ. ಹೋದ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಆಡಿದ ಒಂದು ಮಾತು ಮಾತ್ರ ಇವತ್ತಿಗೂ ನನ್ನನ್ನೇ ಬಿಡ್ತಾ ಇಲ್ಲ.

ಹಾಸನದ ನಮ್ಮ ಮನೆಗೆ ಕಸ ಮುಸುರೆಗೆ ಅಂತ ಒಬ್ಬಳು ನಾಲ್ಕು ವರ್ಷದಿಂದ ಬರ್ತಿದ್ದಳು. ಹೊಳೆನರಸೀಪುರದ ಕಡೆಯವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಕೆಲಸಕ್ಕೆ ಸೇರಿದ ದಿನ ನಮ್ಮತ್ತೆ ಅವಳ ಊರು ಕೇಳಿದರು. ಊರಾದ ಮೇಲೆ, ಊರಲ್ಲಿ ಯಾವ ಕೇರಿ ಅಂತ ಕೇಳಿದರು. ಅವಳು ಹೇಳಿದಳು. "ದೇವ್ರ ಮನೆ ಒಂದ್ ಬುಟ್ಟು ಮಿಕ್ಕಿದ್ದೆಲ್ಲ ನೀನೇ ನೋಡ್ಕಳವ್ವ" ಅಂದರು ಅತ್ತೆ, ಬಹಳ ಮೆತ್ತಗೆ. ಜಾತಿ ಅನ್ನೋ ಪದವನ್ನು ನಮ್ಮನೇಲಿ ಯಾರೂ ಬಾಯಿ ಬಿಟ್ಟು ಆಡಲ್ಲ, ಮಡಿ ಅಂತೀವಿ. ನಾನು ಪಕ್ಕದಲ್ಲೇ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದೆ. ಹಳೇ ಕಾಲದವರು, ಏನು ಮಾಡೋಕಾಗುತ್ತೆ ಅಂದುಕೊಂಡೆ. ಅಂದುಕೊಂಡು ನಾಲ್ಕು ವರ್ಷ ಸುಮ್ಮನಿದ್ದೆ. ಅಡುಗೆಮನೆಗೆ ಬಿಟ್ಟುಕೊಂಡಿದೀವಲ್ಲ, ಎಷ್ಟೋ ಮನೇಲಿ ಅದೂ ಇಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ದೇವರ ಮನೆಯನ್ನು ಅತ್ತೆಯೇ ತೊಳೀತಿದ್ದರು. ಹೋದ ವರ್ಷ ಮಂಡಿ ಆಪರೇಷನ್ ಆಗಿ ಅವರು ಬಗ್ಗುವ ಹಾಗಿರಲಿಲ್ಲ. ನನಗೆ ಆಫೀಸಲ್ಲಿ ಅಡ್ಮಿಷನ್ ಕೆಲಸ, ಉಸಿರಾಡೋಕೆ ಪುರುಸೊತ್ತಿಲ್ಲ. ಹಬ್ಬ ತಲೆ ಮೇಲೆ ಬಂದಿತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಹೊರಡುತ್ತಾ ನಾನೇ ಅವಳಿಗೆ ಹೇಳಿದೆ: "ದೇವರ ಮನೇಲಿ ಜೇಡರ ಬಲೆ ಕಟ್ಟಿದೆ ಕಣೇ. ಹೊಸಲು ದಾಟ್ಬೇಡ, ಹೊರಗಿಂದ್ಲೇ ಉದ್ದನೆ ಕೋಲಲ್ಲಿ ತೆಗೆದುಬಿಡು." ಅತ್ತೆಗೂ ಬೇಜಾರಿಲ್ಲ, ಕೆಲಸವೂ ಆಗುತ್ತೆ, ಎಂಥ ಉಪಾಯ ಹೊಳೀತು ನನಗೆ ಅಂತ ಖುಷಿಯೂ ಆಯಿತು.

ಆ ಕೋಣೆಯ ನಡುವೆ ಒಂದು ಹಿತ್ತಾಳೆ ತೂಗುದೀಪ ಇತ್ತು. ಅರಕಲಗೂಡಿನ ನಮ್ಮವ್ವ ನನ್ನ ಮದುವೇಲಿ ಕೊಟ್ಟಿದ್ದು. ಸರಪಳಿಯ ಕೆಳಗೆ, ದೀಪದ ನೆತ್ತಿಯ ಮೇಲೆ ಒಂದು ಗಿಣಿ. ಅವ್ವ ಹೋಗಿ ಹತ್ತು ವರ್ಷ ಆಯಿತು. ತವರಿಂದು ಅಂತ ನನ್ನ ಹತ್ತಿರ ಉಳಿದಿದ್ದು ಅದೊಂದೇ.

ಚಪ್ಪಲಿ ಮೆಟ್ಟಿ ಗೇಟು ತೆಗೀತಿದ್ದೆ, ಒಳಗೆ ದಡಾರ್ ಅಂತು. ಓಡಿ ಬಂದೆ. ಅವಳು ಹೊಸಲಿನ ಈಚೆ ತುದಿಗಾಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದರಲ್ಲಿ ಕೋಲು. ಕೋಲಿನ ತುದಿ ಸರಪಳಿಗೆ ಸಿಕ್ಕಿಕೊಂಡಿದೆ, ಬಿಡಿಸೋಕೆ ಎಳೆದಿದ್ದಾಳೆ, ಮೇಲಿನ ಕೊಕ್ಕೆ ಗಾರೆ ಸಮೇತ ಕಿತ್ತುಬಂದಿದೆ. ಪಟಗಳನ್ನು ಇಟ್ಟಿದ್ದ ಕಡಪ ಕಲ್ಲು ಎರಡು ಹೋಳು. ಗಿಣಿಯ ತಲೆ ಮುರಿದು ಮೂಲೆಗೆ ಹೋಗಿ ಬಿದ್ದಿತ್ತು. ನಾನು ಒಳಗೆ ನುಗ್ಗಿ ಆ ತಲೆಯನ್ನು ಎತ್ತಿಕೊಂಡೆ. "ಬುದ್ಧಿ ಇದೆಯಾ ನಿಂಗೆ? ಒಳಗೆ ಬಂದು ತೆಗೆಯೋಕೆ ಏನಾಗಿತ್ತು ರೋಗ?" ಅಂದುಬಿಟ್ಟೆ.

ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದಳು. "ಒಸ್ಲು ದಾಟ್ಬ್ಯಾಡ ಅಂತ ನೀವೇ ಯೋಳಿದ್ರಲ್ಲ ಅಕ್ಕ" ಅಂದಳು.

ನಾನೂ ಕೆಳಗೆ ನೋಡಿದೆ. ಚಪ್ಪಲಿ ಕಾಲಲ್ಲೇ ಇತ್ತು. ದೇವರ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ.

ಅಷ್ಟರಲ್ಲಿ ಅತ್ತೆ ಮಂಚದ ಮೇಲಿಂದಲೇ, "ಅಬ್ಬದೊತ್ನಲ್ಲಿ ದೀಪ ಬಿತ್ತಲ್ಲಪ್ಪ, ಮನೆಗೆ ಏನ್ ಕಾದದೋ" ಅಂದರು. "ಚೂರು ಬಳೀಲಾ ಅಕ್ಕ?" ಅಂತ ಅವಳು ಕೇಳಿದಳು. ಬಾ ಒಳಗೆ ಅನ್ನಬಹುದಿತ್ತು. ಅನ್ನಲಿಲ್ಲ. "ಬೇಡ, ನೀನು ಹೋಗು" ಅಂದೆ. ಕೋಲನ್ನು ಗೋಡೆಗೆ ಒರಗಿಸಿ ಹೋದಳು. ಮಾರನೇ ದಿನ ಬರಲಿಲ್ಲ, ಫೋನು ಎತ್ತಲಿಲ್ಲ.

ನಮ್ಮನೆಯವರು ಗೊರೂರಿನಿಂದ ಡ್ಯೂಟಿ ಮುಗಿಸಿ ಬಂದವರು, "ಅವಳದೂ ತಪ್ಪಿಲ್ಲ, ಅಮ್ಮಂದೂ ತಪ್ಪಿಲ್ಲ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟು ಊಟಕ್ಕೆ ಕೂತರು. ಗಾರೆಯವನನ್ನು ಕರೆಸಿ ತಾರಸಿಯ ತೂತು ಮುಚ್ಚಿಸಿ ಹೊಸ ಕೊಕ್ಕೆ ಹಾಕಿಸಿದೆ. ಕಲ್ಲು ಹೊಸದು ಹಾಕಿಸಿದೆ. ಚನ್ನರಾಯಪಟ್ಟಣದಲ್ಲಿ ಪಾತ್ರೆಗೆ ಬೆಸುಗೆ ಹಾಕುವವರೊಬ್ಬರು ಗಿಣಿಯ ತಲೆ ಕೂರಿಸಿಕೊಟ್ಟರು, ಕತ್ತು ಸ್ವಲ್ಪ ಸೊಟ್ಟಗಾಯಿತು. ದೀಪವನ್ನು ಮತ್ತೆ ಅಲ್ಲೇ ತೂಗುಹಾಕಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅವ್ವ ನನಗೆ ಎಷ್ಟು ಸಲ ಹೇಳಿದ್ದಳೋ. ಮುರಿದಿದ್ದಕ್ಕೆಲ್ಲ ಬೆಸುಗೆ ಹಾಕಿಸಿದೆ, ಮಾತಿಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ಹಬ್ಬ ಕಳೆದ ವಾರದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಕೈ ಉಳುಕಿಸಿಕೊಂಡರು. ಅವರನ್ನು ಎಬ್ಬಿಸುತ್ತಿದ್ದಾಗ ನನ್ನ ತಲೆಗೆ ಮೊದಲು ಬಂದಿದ್ದು ಏನು ಗೊತ್ತಾ? ಅವತ್ತು ದೀಪ ಬಿತ್ತಲ್ಲ ಅಂತ. ಹಳೇ ಕಾಲದವರು ಅಂತ ಅತ್ತೆಯ ಮೇಲೆ ಹೊರಿಸಿದ್ದು ನನ್ನೊಳಗೂ ಕಾಲು ಚಾಚಿ ಮಲಗಿತ್ತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಆ ಸಂಜೆಯೇ ಅವಳ ಮನೆ ಹುಡುಕಿಕೊಂಡು ಹೋದೆ. ಮನೆಕೆಲಸಕ್ಕೆ ಜನ ಸಿಗಲ್ಲ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. "ತಪ್ಪು ನಂದು ಕಣೇ, ನಾನು ಹಾಗೆ ಅನ್ನಬಾರದಿತ್ತು" ಅಂದೆ. ಅವಳು ಸೀರೆ ಅಂಚು ಸುತ್ತುತ್ತಾ, "ಆಯ್ತು ಬುಡಿ ಅಕ್ಕ, ಬತ್ತೀನಿ" ಅಂದಳು. ಅತ್ತೆ ಹೇಗಿದ್ದಾರೆ ಅಂತಲೂ ಕೇಳಿದಳು. ಬಿದ್ದಿದ್ದನ್ನು ಹೇಳಿದೆ. "ದೀಪ ಬಿದ್ಮ್ಯಾಕಾ ಅಕ್ಕ?" ಅಂದಳು.

ಬಂದಳು. ಈ ಸಲ ನಾನು ಅತ್ತೆಗೆ ಕೇಳಿಸುವ ಹಾಗೆಯೇ, "ದೇವರ ಮನೆಯೊಳಗೆ ಹೋಗಿ ಬಲೆ ತೆಗೆದು ಗುಡಿಸು" ಅಂದೆ. ಅತ್ತೆ ಗೋಡೆ ಕಡೆ ಮಗ್ಗುಲಾದರು. ಇವಳು ಕೋಲು ಹಿಡಿದು ಹೊಸಲಿನ ತನಕ ಬಂದು ನಿಂತುಬಿಟ್ಟಳು.

"ಬ್ಯಾಡ ಕಣಕ್ಕ" ಅಂದಳು. "ಒರಗೆ ನಿಂತಿದ್ಕೇ ಅವ್ವಾರ್ ಕೈ ಉಳುಕ್ತು. ಒಳಿಕ್ ಬಂದ್ಮ್ಯಾಕೆ ಇನ್ನೇನಾರ ಆದ್ರೆ ನನ್ ಮ್ಯಾಲೇ ಬತ್ತದೆ."

"ಹಾಗಂತ ಯಾರು ಅಂದ್ರು ನಿಂಗೆ?"

"ಯಾರಾರ ಅನ್ನಬೇಕಾ ಅಕ್ಕ?"

ಅವಳ ಕೈಯಿಂದ ಕೋಲು ಇಸಿದುಕೊಂಡು ನಾನೇ ಒಳಗೆ ಹೋದೆ. ಅವಳು ಹೊಸಲಿನಾಚೆ ನಿಂತುಕೊಂಡು, "ಎಡಗಡೆ ಮ್ಯಾಲೆ ಇನ್ನೂ ಅದೆ ಅಕ್ಕ, ದೀಪ ನೋಡ್ಕಳಿ" ಅಂತ ಬೆರಳು ಮಾಡಿ ತೋರಿಸುತ್ತಿದ್ದಳು.