ಶೇಷಣ್ಣ ಕಾಕಾನ ಹಿಂಗೈ

ಶೇಷಣ್ಣ ಕಾಕಾ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಚಹಾದ ಗ್ಲಾಸಿರಲಿ, ಬಾಗಿಲ ಚಿಲಕವಿರಲಿ, ಯಾರೋ ಹೊಸದಾಗಿ ಕೊಂಡು ತಂದ ಎಮ್ಮೆಯಿರಲಿ, ಕೈ ಮಗುಚಿ ಹಿಂಗೈಯ ಗೆಣ್ಣುಗಳನ್ನು ತಾಗಿಸುವರು. ಒಂದು ಗಳಿಗೆ ತಡೆದು, ಆಮೇಲೆ ಅಂಗೈ. ಮೂವತ್ತೈದು ವರ್ಷ ಕರೆಂಟಿನ ಕಂಬ ಹತ್ತಿದ ಲೈನ್‌ಮನ್ ಅವರು.

"ಅಂಗೈಲೆ ಮುಟ್ಟಿದ್ರ ಕರೆಂಟು ಮುಷ್ಟಿ ಹಿಡಸ್ತದ, ಬಿಡೂದಿಲ್ಲ. ಹಿಂಗೈಗೆ ಹೊಡದ್ರ ಕೈ ತಾನ ಹಿಂದ ಸರೀತದ. ಅಷ್ಟ ನೋಡೋ ಬಸಣ್ಣಾ, ನನ್ನ ವಿದ್ಯಾ," ಅನ್ನುವರು. ಅವರ ಅಪ್ಪ, ಅಜ್ಜ ಪೂಜೆ ಮಾಡಿಕೊಂಡಿದ್ದವರು. "ಅವರು ದೇವರ ಮುಂದ ದೀಪಾ ಹಚ್ಚಿದ್ರು, ನಾ ಊರಿಗೆಲ್ಲಾ ಹಚ್ಚಿದೆ" ಎಂದು ನಗುವರು.

ನಾನು ಅವರ ಓಣಿಯವನೇ, ಕಿತ್ತೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಈ ಎರಡು ಕೈಗಳಿಂದಲೇ ಮನೆ ಕಟ್ಟಿದೆ, ಇಬ್ಬರು ತಂಗಿಯರ ಮದುವೆ ಮಾಡಿದೆ. ನಾನು ವೆಲ್ಡಿಂಗ್ ಮಾಡಿ ಹಚ್ಚಿದ ಜೋಡು ಬಿಟ್ಟಿತೆಂದು ಒಬ್ಬನೂ ಮರಳಿ ಬಂದಿಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದೆ. ನನ್ನ ಆ ಹೆಸರನ್ನು ಕಾಕಾ ಮೂರು ದಿನ, ತಮ್ಮ ಜೀವದ ಜೊತೆಗೆ, ಹೇಗೆ ಹೊತ್ತು ತಂದರು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೌಕರಿ ಮುಗಿದ ಮೇಲೆ ಪ್ರತಿ ವರ್ಷ ಸಂಕ್ರಾಂತಿ ದಾಟಿದೊಡನೆ ಅವರು ತಮ್ಮ ಹಳೆಯ ಕರಿ ಸೈಕಲ್ ಹತ್ತಿ ದೂರದ ಊರುಗಳಿಗೆ ಹೊರಡುವರು. ಅವರಿಗೆ ಎಪ್ಪತ್ತಾದ ವರ್ಷ ನನ್ನನ್ನೂ ಎಬ್ಬಿಸಿದರು. "ಹನ್ನೊಂದ ದಿನಾ ನೀ ಅಂಗಡಿ ಮುಚ್ಚಿದ್ರ ಕಿತ್ತೂರೇನು ಮುಳಗೂದಿಲ್ಲ. ಹಂಪಿ ನೋಡಿ ಬರೋಣ ಬಾ."

ಹೊರಡುವ ಹಿಂದಿನ ದಿನ ಅವರ ಸೈಕಲ್ಲಿನ ಕೆಳಪೈಪು ಹ್ಯಾಂಡಲ್ಲಿನ ಬುಡದಲ್ಲಿ ಬಿರುಕು ಬಿಟ್ಟಿತು. ಸೈಕಲ್ ಪೈಪು ತೆಳ್ಳಗಿರುತ್ತದೆ. ಅದಕ್ಕೆ ಗ್ಯಾಸಿನ ಉರಿಯಲ್ಲಿ ಹಿತ್ತಾಳೆ ಕರಗಿಸಿ, ಪುರುಸೊತ್ತಿನಿಂದ ಜೋಡಿಸಬೇಕು. ನನ್ನ ಗ್ಯಾಸ್ ಮುಗಿದಿತ್ತು. ಟ್ರ್ಯಾಕ್ಟರ್ ಟ್ರಾಲಿ ಜೋಡಿಸಿದ ಕೈಗೆ ಸೈಕಲ್ ಏನು ಲೆಕ್ಕ ಎಂದು ಕರೆಂಟಿನ ವೆಲ್ಡಿಂಗನ್ನೇ ಹೊಡೆದುಬಿಟ್ಟೆ. ಕಾಕಾ ಹಿಂಗೈ ತಾಗಿಸಿ ನೋಡಿದರು.

"ಬಸಣ್ಣಾ, ಪೈಪ ಸುಟ್ಟಿಲ್ಲಲ್ಲ?"

"ಏ, ನಿಮ್ಮ ಮರಿಮೊಮ್ಮಕ್ಕಳ ಕಾಲಕ್ಕೂ ಬಿಡೂದಿಲ್ಲ, ನಡೀರಿ ಕಾಕಾ."

ಹೋಗುವಾಗ ಎದುರುಗಾಳಿ. ನಾನು ಅವರಿಗಿಂತ ಇಪ್ಪತ್ನಾಲ್ಕು ವರ್ಷ ಚಿಕ್ಕವನು, ಆದರೂ ಮಧ್ಯಾಹ್ನದ ಹೊತ್ತಿಗೆ ಗಿಡದ ನೆರಳು ಹುಡುಕುವವನು ನಾನೇ. ಅವರು ಸೀಟಿನಿಂದ ಏಳದೆ, ಉಸಿರು ಏರಿಸದೆ ಒಂದೇ ಹದದಲ್ಲಿ ತುಳಿಯುವರು. ಕರಿಮಣ್ಣಿನ ಬಯಲಲ್ಲಿ ಅವರ ಬಿಳಿ ಟೋಪಿ ಸಣ್ಣದಾಗುತ್ತ ಹೋಗುವುದನ್ನು ನೋಡಿ, ಈ ಮುದುಕನ ಒಳಗೆ ಏನು ಮಷಿನ್ ಇದೆಯೋ ಎಂದು ಬೆರಗಾಗುತ್ತಿದ್ದೆ.

ಹಂಪಿ ನೋಡಿ, ಬಾದಾಮಿ ಹಾದು, ಮರಳುವ ದಾರಿಯಲ್ಲಿ ರಾಮದುರ್ಗದಲ್ಲಿ ಮುಕ್ಕಾಂ ಮಾಡಿದೆವು. ಬೆಳಿಗ್ಗೆ ನಾನೇಳುವ ಹೊತ್ತಿಗೆ ಅವರು ಸೈಕಲ್ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ವೆಲ್ಡಿಂಗ್ ಇದ್ದಲ್ಲಿಗೆ ಹಸಿ ಟಾವೆಲ್ ಬಿಗಿದು ಸುತ್ತುತ್ತಿದ್ದರು.

"ಇದೇನ್ರಿ ಕಾಕಾ?"

"ಟಾವೆಲ್ ಒಣಗಬೇಕಲ್ಲೋ."

ನಂಬಿದೆ. ಅಂದಿನಿಂದ ಅವರ ಚಾಲೇ ಬದಲಾಯಿತು. ಸೀಟಿನ ಹಿಂತುದಿಗೆ ಸರಿದು ಕೂಡುವರು. ಸಣ್ಣ ತಗ್ಗು ಬಂದರೂ ಇಳಿದು, ಗಬ್ಬದ ಆಕಳನ್ನು ನಡೆಸಿದ ಹಾಗೆ ಸೈಕಲ್ ನಡೆಸುವರು. ಮುದುಕ ದಣಿದ ಎಂದುಕೊಂಡೆ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ?

ಕಟಕೋಳದ ಚಹಾದಂಗಡಿಯಲ್ಲಿ ಒಬ್ಬ ರೈತ ನನ್ನ ಉದ್ಯೋಗ ಕೇಳಿದ. ಅವನ ಟ್ರಾಲಿಯ ಕೊಂಡಿ ಮೂರು ಸಲ ಮುರಿದಿತ್ತಂತೆ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: "ಕಿತ್ತೂರಿಗೆ ತಗೊಂಡ ಬರ್ರಿ. ನಮ್ಮ ಬಸಣ್ಣನ ಕೈ ಅಂದ್ರ ಕೈ. ಈ ಸೈಕಲ್ ಹಂಪೀತನಕಾ ಹೋಗಿ ಬಂದದ ನೋಡ್ರಿ!" ನಾನು ಮೀಸೆಯ ಮೇಲೆ ಕೈಯಾಡಿಸಿದೆ.

ಉಗರಗೋಳ ದಾಟಿ, ಎಲ್ಲಮ್ಮನ ಗುಡ್ಡದ ಸೆರಗು ಬಳಸಿ ಸವದತ್ತಿಯತ್ತ ಇಳಿಯುವಾಗ ಅವರು ಪೂರ್ತಿ ಇಳಿಜಾರನ್ನು ನಡೆದೇ ಇಳಿದರು. ಕೆಳಗೆ ಕಾದು ಕಾದು ನನಗೆ ಸಿಟ್ಟು ಬಂತು.

"ಕಂಬಾ ಹತ್ತಿದ ಗಂಡಸಿಗೆ ಇಳಿಜಾರಿನ ಹೆದರಿಕೀನ್ರಿ?"

"ಕಂಬದಿಂದ ಬಿದ್ದಾವ್ರನ್ನ ನೋಡೀನಪಾ. ಬಿದ್ದಾವ್ರೆಲ್ಲಾ ಇಳಿಯೂವಾಗನ ಬಿದ್ದಾರ."

ಆ ರಾತ್ರಿ ಮನೋಳಿಯಲ್ಲಿ ತಂಗಿದೆವು. ಮರುದಿನ ಬೈಲಹೊಂಗಲದ ದಾರಿಯಲ್ಲಿ ನನ್ನ ಸಹನೆ ಮುಗಿಯಿತು. ಗಿರಾಕಿಗಳ ಫೋನ್ ಮೇಲೆ ಫೋನ್. "ನಾ ಮುಂದ ಹೋಗತೇನ್ರಿ" ಎಂದೆ. "ಹೋಗು ಹೋಗು, ನನ್ನ ಸಲುವಾಗಿ ನಿಲ್ಲಬ್ಯಾಡ" ಎಂದರು. ಹೊರಟುಬಿಟ್ಟೆ. ಬೈಲಹೊಂಗಲದಲ್ಲಿ ಊಟ ಮುಗಿಸಿ, ಒಂದು ನಿದ್ದೆಯೂ ಮುಗಿದ ಮೇಲೆ ಬಂದರು. ಮೈತುಂಬ ಧೂಳು, ಎರಡೂ ತೋಳು ತಿಕ್ಕಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, "ಮಿರ್ಚಿ ಭಜಿ ಉಳಿಸೀಯೋ, ಎಲ್ಲಾ ತಿಂದಿಯೋ?" ಎಂದರು.

ಕೊನೆಯ ದಿನ ಮಧ್ಯಾಹ್ನ ಕಿತ್ತೂರು ಮುಟ್ಟಿದೆವು. ಅವರು ತಮ್ಮ ಮನೆಗೆ ಹೋಗಲಿಲ್ಲ. ನೇರ ನನ್ನ ಅಂಗಡಿಯ ಮುಂದೆ ಇಳಿದು, ಶಟರ್ ಏರಿಸು ಎಂದರು. ಒಳಗೆ ಹೋದ ಮೇಲೆ ಟಾವೆಲ್ ಬಿಚ್ಚಿದರು.

ನಾನು ಹಚ್ಚಿದ ಜೋಡು ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ, ನಾನು ಸುಟ್ಟ ಪೈಪು ಮುಕ್ಕಾಲು ಸುತ್ತು ಸೀಳಿತ್ತು. ಒಂದು ತಗ್ಗಿಗೆ ಮುಂದಿನ ಗಾಲಿ ಬಿದ್ದಿದ್ದರೆ ಮುದುಕನ ಮುಖ ಡಾಂಬರಿಗೆ.

"ಇದು ಯಾವಾಗ ಬಿಟ್ಟಿತ್ರಿ?"

"ರಾಮದುರ್ಗದಾಗ ನೋಡಿದಾಗ ಇನ್ನೂ ಸಣ್ಣದಿತ್ತು. ಆಮ್ಯಾಲ ದಿನಾ ಒಂದೀಟು."

"ಬಾಯಿ ಬಿಡಬಾರದೇನ್ರಿ! ಸವದತ್ತ್ಯಾಗ ಬೇಕಾದಷ್ಟು ವೆಲ್ಡಿಂಗ್ ಅಂಗಡಿ ಅದಾವು."

"ಅದಾವ. ಕೊಟ್ಟಿದ್ರ ಅವರೇನು ಕೇಳ್ತಿದ್ರು? ಇದನ್ನ ಸುಟ್ಟ ಶಾಣ್ಯಾ ಯಾರು ಅಂತ. ನೀ ಅಲ್ಲೇ ಬಾಜೂಕ ನಿಂತಿರ್ತಿದ್ದಿ."

ಮೂರು ದಿನ! ಎಪ್ಪತ್ತರ ಆ ಜೀವ ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ತೋಳಿನಲ್ಲಿ ಹ್ಯಾಂಡಲ್ ಎತ್ತಿ ಹಿಡಿದು, ಆ ಸೀಳಿನ ಮೇಲೆ ಅಷ್ಟು ದಾರಿ ಬಂದಿತ್ತು. ಮೇಲೆ ನನ್ನ ಚುಚ್ಚುಮಾತು. ಅದೆಲ್ಲದರ ನಡುವೆ ಕಟಕೋಳದಲ್ಲಿ ನನ್ನ ಕೈಯ ಹೊಗಳಿಕೆ.

"ಅಳಬ್ಯಾಡೋ ಹುಚ್ಚಾ. ನಿನ್ನ ಅಂಗಡ್ಯಾಗ, ನಿನ್ನ ಕೈಲೆ ಮಾಡು. ಗಡಿಬಿಡಿ ಮಾಡಬ್ಯಾಡ" ಎಂದು ನಡೆದೇ ಮನೆಗೆ ಹೋದರು.

ಆ ಸಂಜೆಯೇ ಗ್ಯಾಸ್ ತಂದೆ. ಬಂದ ಗಿರಾಕಿಗಳನ್ನು ನಾಳೆ ಬಾ ಎಂದು ಕಳಿಸಿದೆ. ಸುಟ್ಟ ಪೈಪು ಕತ್ತರಿಸಿ, ಬೇರೆ ಪೈಪು ಕೂಡಿಸಿ, ಸಣ್ಣ ಉರಿಯಲ್ಲಿ ಹಿತ್ತಾಳೆ ಹರಿಸಿದೆ. ಎರಡು ದಿನ ಹಿಡಿಯಿತು.

ಮುಂದಿನ ಸಂಕ್ರಾಂತಿಗೆ ಕಾಕಾ ಇರಲಿಲ್ಲ. ಮಲಗಿದಲ್ಲೇ ಹೋದರು. ಸೈಕಲ್ಲನ್ನು ಕಾಕಿ ನನಗೇ ಕೊಟ್ಟಿದ್ದಾರೆ. ಅದರ ಮೇಲೆ ಒಂದು ಸಲ ಒಬ್ಬನೇ ಸವದತ್ತಿಯವರೆಗೆ ಹೋಗಿ ಬಂದೆ, ಜೋಡು ಅಲುಗಲಿಲ್ಲ. ಈಗ ಅಂಗಡಿಯಿಂದ ಯಾವ ಕೆಲಸ ಹೊರಗೆ ಹೋಗುವ ಮುನ್ನವೂ ನಾನು ಹಿಂಗೈ ತಾಗಿಸಿ ನೋಡುತ್ತೇನೆ. ಗಿರಾಕಿಗಳು ನಗುತ್ತಾರೆ.

ಆದರೆ ಆ ದಿನ, ಕೆಲಸ ಮುಗಿದು ಅವರು ಸೈಕಲ್ ಒಯ್ಯಲು ಬಂದಾಗ, ನಾನು ಅವರ ಹಿಂಗೈಗಾಗಿ ಕಾಯುತ್ತ ನಿಂತಿದ್ದೆ, ಪರೀಕ್ಷೆಗೆ ಕುಳಿತವನ ಹಾಗೆ. ಕಾಕಾ ಬಗ್ಗಿದರು. ಕೈ ಮಗುಚಲಿಲ್ಲ. ನೇರವಾಗಿ ಅಂಗೈಯನ್ನೇ ನನ್ನ ಜೋಡಿನ ಮೇಲೆ ಇಟ್ಟರು, ಬಿಗಿಯಾಗಿ ಹಿಡಿದರು, ಸೈಕಲ್ ಹತ್ತಿ ಹೊರಟರು.