ದೊರೆಸಾನಿ ಬಂಗಲೆಯ ಮುನಿಯಪ್ಪ

ಯಾರೂ ಇಲ್ಲದ ಮನೆಯ ಬಾಗಿಲನ್ನು ಮೂರು ಸಲ ತಟ್ಟಿ, ಒಳಗಿನಿಂದ ಉತ್ತರ ಬರಲಿ ಎಂದು ಕಾಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ದಿನಾ ಬೆಳಿಗ್ಗೆ ಊರಿಗಾಂನಲ್ಲಿ ನೋಡುತ್ತಿದ್ದೆ. ಮುನಿಯಪ್ಪ ಖಾಕಿ ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಗಂಟಲು ಸರಿಮಾಡಿಕೊಂಡು, "ಮೇಡಂ, ಮುನಿಯಪ್ಪ ಬಂದಿದೀನಿ" ಎನ್ನುತ್ತಿದ್ದ. ಆಮೇಲೆ ಬಾಗಿಲಿಗೆ ಕಿವಿಯಿಟ್ಟು, ತಲೆಯಾಡಿಸಿ, "ಎಸ್ ಮೇಡಂ" ಎಂದು ಬೀಗ ತೆಗೆಯುತ್ತಿದ್ದ. ಬೇಲಿಯಾಚೆ ನಿಂತು ನೋಡುತ್ತಿದ್ದವರು ಎದೆ ಹಿಡಿದುಕೊಳ್ಳುತ್ತಿದ್ದರು.

ಬಿಳಿ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದ ಮೇಲೆ ಚಿನ್ನದ ಗಣಿಯ ಸುತ್ತ ಎಷ್ಟೋ ಬಂಗಲೆಗಳು ಖಾಲಿ ಬಿದ್ದವು. ಬೇರೆ ಬಂಗಲೆಗಳಿಗೆ ಹೆಗ್ಗಣ ಸೇರಿದವು, ಇದಕ್ಕೆ ದೆವ್ವ ಸೇರಿತು. ಮುನಿಯಪ್ಪ ಇದರ ಕಾವಲುಗಾರ. ಬೂದಿಕೋಟೆ ಕಡೆಯವನು, ಉದ್ದಕ್ಕೆ, ಒಣಗಿದ ಜಾಲಿಮರದ ಹಾಗೆ. ಮಾತು ಎದೆಯಲ್ಲಿ ಶುರುವಾಗಿ ಮೂಗಿನಲ್ಲಿ ಮುಗಿಯುತ್ತಿತ್ತು. ಆ ಗಂಟಲನ್ನು ಕಲಿಯಲು ನನಗೆ ಮೂರು ದಿನ ಹಿಡಿಯಿತು. ಸಾಮಾನ್ಯವಾಗಿ ಯಾರ ಗಂಟಲಾದರೂ ನನಗೆ ಅರ್ಧ ದಿನದ ಕೆಲಸ.

ನನ್ನ ಬಗ್ಗೆಯೂ ಹೇಳಿಬಿಡಬೇಕು. ಹೆಸರು ಶ್ರೀನಿವಾಸ, ಕರೆಯುವುದು ಸೀನ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು. ಮೇಷ್ಟರು, ಪೂಜಾರಪ್ಪ, ಕೆಮ್ಮುವ ಕಾಂಪೌಂಡರು, ಎಲ್ಲರ ಹಾಗೆ ಮಾತಾಡುತ್ತಿದ್ದೆ. ಇದರಲ್ಲಿ ನನ್ನದೇ ಗಂಟಲು ಯಾವುದು ಎಂದು ಕೇಳಿದರೆ ನಮ್ಮಮ್ಮನೂ ಒಂದು ಗಳಿಗೆ ಯೋಚಿಸಬೇಕಾಗಿತ್ತು. ಬಂಗಲೆಯ ದೊಡ್ಡ ಹಾಲಿನಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು ಅಭ್ಯಾಸಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ಮುನಿಯಪ್ಪನಿಗೂ ಅದು ಬೇಕಾಗಿತ್ತು. ಖಾಲಿ ಮನೆಯೊಳಗೆ ನಾಲ್ಕು ಥರದ ದನಿ ಕೇಳಿದರೆ ದೆವ್ವಕ್ಕೆ ಮರ್ಯಾದೆ ಹೆಚ್ಚು.

ಭಾನುವಾರ ಆಂಡರ್ಸನ್‌ಪೇಟೆಯಿಂದ, ಬಂಗಾರಪೇಟೆಯಿಂದ ಜನ ಬಂಗಲೆ ನೋಡಲು ಬರುತ್ತಿದ್ದರು. ತಮಿಳರಿಗೆ ತಮಿಳಿನಲ್ಲಿ, ತೆಲುಗರಿಗೆ ತೆಲುಗಿನಲ್ಲಿ, ನಮ್ಮಂಥವರಿಗೆ ಹಳ್ಳಿಯ ಕನ್ನಡದಲ್ಲಿ ಮುನಿಯಪ್ಪ ಅದೇ ಕತೆ ಹೇಳುತ್ತಿದ್ದ.

"ದೊರೆ ಒಂದಿನ ಕಾಫಿ ಕುಡ್ದು, ಈಗ್ ಬಂದೆ ಅಂತ ಗಣಿಗ್ ಇಳಿದ. ಕೆಳಗೆ ಬಂಡೆ ಸಿಡೀತು. ಬರ್ಲೇ ಇಲ್ಲ. ದೊರೆಸಾನಿ ನಂಬ್ಲಿಲ್ಲ ನೋಡ್ರಿ. ಆವಪ್ಪ ಬರೋಗಂಟ ಯಾರ್ಗೂ ಬಾಗ್ಲು ತೆಗಿಯಲ್ಲ ಅಂತ ಒಳಗಿಂದ ಅಗಣಿ ಹಾಕ್ಕೊಂಡ್ಳು. ಇವತ್ಗೂ ಕಿಟಕಿಯಿಂದ ಕಿಟಕಿಗೆ ಓಡಾಡ್ತಾಳೆ. ದಾರೀಲಿ ಓಗೋರ್ನ ಕರೀತಾಳೆ. ಕರೆದ್ಳು ಅಂತ ಓದ್ರೆ ಮುಗೀತು, ಆಚೆ ಬಿಡಲ್ಲ."

ಕೇಳಿದವರು ಎಲೆ ಅಡಿಕೆ ಕೊಟ್ಟು, ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದರು. ನಿಜ ಏನೆಂದರೆ, ಆ ಬಂಗಲೆಯಲ್ಲಿದ್ದ ಕೊನೆಯ ದೊರೆಗೆ ಮದುವೆಯೇ ಆಗಿರಲಿಲ್ಲ. ಎರಡು ನಾಯಿ ಸಾಕಿದ್ದ. ಅಷ್ಟೇ ಸಂಸಾರ.

ಹೀಗಿರುವಾಗ ಈ ಕತೆ ಯಾಕೆ ಮಾವ ಎಂದು ಒಂದು ದಿನ ಕೇಳಿದೆ. ಮುನಿಯಪ್ಪ ಅತ್ತಿತ್ತ ನೋಡಿ ಹೇಳಿದ:

"ಲೇ ಸೀನ, ಬಂಗ್ಲೇಗೆ ಆಫೀಸರು ಬಂದ್ರೆ ಅವನ ಅಡುಗೆಯೋನೂ ಬತ್ತಾನೆ. ಅವನು ಬಂದ್ರೆ ಔಟ್‌ಹೌಸು ಬೇಕಂತಾನೆ. ನಾನು, ನಿಮ್ಮತ್ತೆ, ಎಂಕಟೇಸ ಎಲ್ಲಿಗೋಗಾನ? ಲೈನ್ ಮನೇಗಾ? ಅಲ್ಲಿ ಕಾಲು ಚಾಚಿದ್ರೆ ಪಕ್ಕದ ಮನೆಯೋನ ತಲೆ ಸಿಕ್ತೈತೆ ಕಣ್ಲಾ. ದೊರೆಸಾನಿ ಇರೋಗಂಟ ನಾವೂ ಇರ್ತೀವಿ."

ನಿಮ್ಮತ್ತೆ ಎಂದರೆ ಅವನ ಹೆಂಡತಿ ನಾಗಮ್ಮ. ವೆಂಕಟೇಶ ಒಬ್ಬನೇ ಮಗ, ನನ್ನ ಓರಗೆಯವನು. ಅವನು ಗಣಿಯ ಕೆಳಗೆ ಇಳಿಯುವ ಕೆಲಸಕ್ಕೆ ಸೇರಿದ್ದ. ಔಟ್‌ಹೌಸೆಂದರೆ ಬಂಗಲೆಯ ಹಿಂದಿನ ಎರಡು ಕೋಣೆ, ಒಂದು ಸಿಹಿನೀರಿನ ಬಾವಿ, ಒಂದು ನಿಂಬೆಗಿಡ. ಗಣಿಯ ಸಾಲುಮನೆಗಳಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದ ಕಾಲದಲ್ಲಿ ಅದೇ ಅರಮನೆ.

ದೆವ್ವಕ್ಕೆ ಪುಕ್ಕಟೆಯಾಗಿ ಸಹಾಯ ಮಾಡುತ್ತಿದ್ದುದು ನೆಲ. ನಮ್ಮೂರಿನ ಕೆಳಗೆ ಎಷ್ಟೋ ಸಾವಿರ ಅಡಿ ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತದೆ. ಅದಕ್ಕೆ ಏರ್‌ಬ್ಲಾಸ್ಟ್ ಎನ್ನುತ್ತೇವೆ. ಆಗ ಮೇಲೆ ಮನೆಗಳು ನಡುಗುತ್ತವೆ, ಹಲಗೆಯಿಂದ ಪಾತ್ರೆ ಉರುಳುತ್ತವೆ, ಬಾಗಿಲು ತಾವಾಗಿ ಬಡಿದುಕೊಳ್ಳುತ್ತವೆ. ಬೇರೆ ಮನೆಯಲ್ಲಿ ಬಡಿದುಕೊಂಡರೆ ಏರ್‌ಬ್ಲಾಸ್ಟ್. ಬಂಗಲೆಯಲ್ಲಿ ಬಡಿದುಕೊಂಡರೆ ದೊರೆಸಾನಿ.

ಇನ್ನು ನಾನು ಮಾಡಿದ ಸಹಾಯ. ಸೊಪ್ಪು ಮಾರುವ ರಾಜಮ್ಮ ಎಂಬಾಕೆ ಬಂಗಲೆಯ ಮುಂದಿನ ರಸ್ತೆಯಲ್ಲೇ ಹೋಗಬೇಕಿತ್ತು. ಒಂದು ದಿನ ನಾನು ಬಂಗಲೆಯ ಕಿಟಕಿಯ ಹಿಂದೆ ಕೂತು ಮುನಿಯಪ್ಪನ ಗಂಟಲಿನಲ್ಲಿ, "ರಾಜಮ್ಮಾ, ಒಂದ್ ಕಟ್ಟು ದಂಟು ಒಳಕ್ ತತ್ತಾ" ಎಂದು ಕೂಗಿದೆ. ಆಕೆ ಗೇಟಿನವರೆಗೆ ಬಂದಳು. ಅಷ್ಟರಲ್ಲಿ ಎದುರುಗಡೆ ರಸ್ತೆಯಿಂದ ಮುನಿಯಪ್ಪನೇ ಬೀಡಿ ಸೇದುತ್ತಾ ಬಂದ. ರಾಜಮ್ಮ ಅವನ ಮುಖ ನೋಡಿದಳು, ಕಿಟಕಿ ನೋಡಿದಳು, ಬುಟ್ಟಿಯನ್ನು ಅಲ್ಲೇ ಎತ್ತಿಹಾಕಿ ಓಡಿದಳು. ದಂಟಿನ ಸೊಪ್ಪು ರಸ್ತೆಯ ತುಂಬ. ಮುನಿಯಪ್ಪ ನನ್ನನ್ನು ಬೈಯುತ್ತಾನೆಂದುಕೊಂಡೆ. ಅವನು ಖುಷಿಯಿಂದ ನನ್ನ ಬೆನ್ನಿಗೆ ಗುದ್ದಿದ. ಮುಂದಿನ ಭಾನುವಾರ ಕತೆಗೆ ಒಂದು ಬಾಲ ಬೆಳೆದಿತ್ತು: "ಇತ್ತೀಚ್ಗೆ ದೊರೆಸಾನಿ ನನ್ ಗಂಟಲಾಗೇ ಕರೀತಾಳೆ. ನಾನ್ ಕರೆದ್ರೂ ಬರಬ್ಯಾಡ್ರಪ್ಪಾ!"

ಆ ಮಾತಿಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದಾಗಿ ಒಂದು ತಿಂಗಳಿರಬಹುದು. ಬೆಳಿಗ್ಗೆ ಹನ್ನೊಂದರ ಹೊತ್ತು. ಮುನಿಯಪ್ಪ ಎಂದಿನಂತೆ ಬಂಗಲೆಗೆ ಗಾಳಿ ಆಡಿಸಲು ಕಿಟಕಿಗಳನ್ನು ತೆರೆದು, ಮುಂಬಾಗಿಲನ್ನು ಒಳಗಿನಿಂದ ಅಗಣಿ ಹಾಕಿ, ದೊರೆಯ ಈಜಿಚೇರಿನಲ್ಲಿ ಕಾಲು ನೀಡಿದ್ದ. ದೆವ್ವದ ಜತೆ ಒಳಗೆ ಇರುವವನು ನಿದ್ದೆ ಮಾಡುವುದನ್ನು ಜನ ನೋಡಬಾರದಲ್ಲ! ಹಿಂಬಾಗಿಲಿಗೆ ಹೊರಗಿನಿಂದ ಬೀಗ. ನಾನು ಹಾಲಿನ ನಡುವೆ ನಿಂತು ಕಾಂಪೌಂಡರ ಕೆಮ್ಮು ತಿದ್ದುತ್ತಿದ್ದೆ.

ನೆಲ ಒಮ್ಮೆ ಮೇಲೆದ್ದು ಕೂತಂತಾಯಿತು. ಅಂಥ ಏರ್‌ಬ್ಲಾಸ್ಟನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗೋಡೆಯಿಂದ ಗಾರೆ ಉದುರಿತು, ಮೇಲಿನ ತಗಡು ಗಡಗಡ ಎಂದಿತು. ಧೂಳು ಇಳಿದ ಮೇಲೆ ಮುನಿಯಪ್ಪ ಬಾಗಿಲಿಗೆ ಓಡಿ ಅಗಣಿ ಎಳೆದ. ಬರಲಿಲ್ಲ. ಚೌಕಟ್ಟು ವಾಲಿ ಬಾಗಿಲನ್ನು ಹಲ್ಲು ಕಚ್ಚಿದ ಹಾಗೆ ಹಿಡಿದುಕೊಂಡಿತ್ತು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಅವನ ಸೊಂಟದಲ್ಲಿ ಇಡೀ ಬಂಗಲೆಯ ಬೀಗದ ಕೈಗಳು ಜಣಜಣ ಎನ್ನುತ್ತಿದ್ದವು. ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

ನನಗೆ ಇನ್ನೂ ತಮಾಷೆಯಾಗೇ ಇತ್ತು. "ಮೇಡಂಗೆ ಹೇಳಿ ತೆಗೆಸು ಮಾವ" ಎಂದೆ.

ಆಗ ಸಂಗು ಕೂಗಿತು. ನಮ್ಮೂರಲ್ಲಿ ಸೈರನ್ನಿಗೆ ಸಂಗು ಎನ್ನುತ್ತಾರೆ. ಪಾಳಿಯ ಸಂಗು ಚುಟುಕು. ಇದು ನಿಲ್ಲಲೇ ಇಲ್ಲ. ಹಾಗೆ ಕೂಗಿದರೆ ಕೆಳಗೆ ಜನ ಸಿಕ್ಕಿಕೊಂಡಿದ್ದಾರೆ ಎಂದರ್ಥ.

ಮುನಿಯಪ್ಪ ಅಗಣಿಯಿಂದ ಕೈ ತೆಗೆದ. "ಎಂಕಟೇಸಂದು ಈ ವಾರ ಬೆಳಗಿನ ಪಾಳಿ" ಎಂದ. ಅಷ್ಟೇ ಹೇಳಿದ್ದು.

ಆಮೇಲೆ ಅವನು ಬಾಗಿಲಿಗೆ ಭುಜ ಕೊಟ್ಟ, ಒದ್ದ, ಈಜಿಚೇರಿನ ಕಾಲು ಮುರಿದು ಮೀಟಿದ. ನಾನು ಅಗ್ಗಿಷ್ಟಿಕೆಯ ಹೊಗೆಗೂಡಿನಲ್ಲಿ ಹತ್ತಿ ಹೋಗುತ್ತೇನೆಂದು ಹೊರಟೆ. ಸೊಂಟದವರೆಗೆ ಹೋಗಿ ಸಿಕ್ಕಿಹಾಕಿಕೊಂಡೆ. ಮುನಿಯಪ್ಪ ಕಾಲು ಹಿಡಿದು ಜಗ್ಗಿ ಕೆಳಗಿಳಿಸಿದಾಗ ತಲೆಯಿಂದ ಸೊಂಟದವರೆಗೆ ಮಸಿ ಮೆತ್ತಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಜನ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದರು. ಹೆಂಗಸರೇ ಹೆಚ್ಚು, ತಲೆಗೂದಲು ಬಿಚ್ಚಿಕೊಂಡು, ಒಲೆಯ ಮುಂದಿನಿಂದ ಎದ್ದು ಬಂದವರು. ಮುನಿಯಪ್ಪ ಕಿಟಕಿಯ ಸರಳು ಹಿಡಿದು ಕೂಗಿದ:

"ಅಮ್ಮಾ! ಬಾಗ್ಲು ಸಿಕ್ಕೊಂಡೈತೆ! ಯಾರಾನಾ ಬಂದು ತೆಗೀರಮ್ಮಾ!"

ಆ ಗುಂಪಿನಲ್ಲಿ ರಾಜಮ್ಮನೂ ಇದ್ದಳು. ತಟ್ಟನೆ ನಿಂತು ಕೈ ಅಡ್ಡ ಹಿಡಿದಳು. "ಅಮ್ಮೋ, ಓಗ್ಬ್ಯಾಡ್ರೇ! ಅದು ಮುನಿಯಪ್ಪ ಅಲ್ಲ, ದೆಯ್ಯ! ಅವನ ಗಂಟಲಾಗೇ ಕರೀತದೆ, ನಾನೇ ಕೇಳಿವ್ನಿ!"

"ರಾಜಮ್ಮಾ, ನಾನೇ ಕಣಮ್ಮಾ! ದೆವ್ವಾನೂ ಇಲ್ಲ, ದೊರೆಸಾನೀನೂ ಇಲ್ಲ! ಎಲ್ಲಾ ನಾನ್ ಕಟ್ಟಿದ್ ಸುಳ್ಳು! ನನ್ ಮಗ ಕೆಳಗವ್ನೆ!"

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟನ್ನು ಅವನು ನಡುರಸ್ತೆಗೆ ಕೂಗಿ ಹೇಳಿಬಿಟ್ಟಿದ್ದ. ಔಟ್‌ಹೌಸು, ಬಾವಿ, ನಿಂಬೆಗಿಡ ಎಲ್ಲವನ್ನೂ ಆ ಒಂದು ಕೂಗಿಗೆ ಬಿಟ್ಟುಕೊಟ್ಟಿದ್ದ. ತೆಗೆದುಕೊಳ್ಳುವವರೇ ಇರಲಿಲ್ಲ. "ನೋಡಿದ್ರಾ, ಎಂಗೆ ಬುದ್ಧಿ ಉಪಯೋಗ್ಸ್‌ತದೆ!" ಎಂದು ಯಾರೋ ಅಂದರು. ನಾನು ಸಹಾಯಕ್ಕೆಂದು ಅವನ ಪಕ್ಕದಲ್ಲಿ ನನ್ನ ಮುಖ ತೋರಿಸಿದೆ. ಮಸಿ ಮೆತ್ತಿದ ಮುಖದಲ್ಲಿ ಎರಡು ಬಿಳಿ ಕಣ್ಣು. ರಸ್ತೆ ಒಂದೇ ಏಟಿಗೆ ಖಾಲಿಯಾಯಿತು.

ನಾನು ಬಿಡಲಿಲ್ಲ. ಮೇಷ್ಟರ ಗಂಟಲಿನಲ್ಲಿ ಕೂಗಿದೆ, ಪೂಜಾರಪ್ಪನ ಗಂಟಲಿನಲ್ಲಿ ಕೂಗಿದೆ, ಕೊನೆಗೆ ನನ್ನದರಲ್ಲೂ ಕೂಗಿದೆ. ಮುನಿಯಪ್ಪ ನನ್ನ ತೋಳು ಹಿಡಿದು, "ಸಾಕು ಬುಡ್ಲಾ. ಒಂದೊಂದ್ ಗಂಟಲಿಗೂ ಒಂದೊಂದ್ ದೆವ್ವ ಲೆಕ್ಕ ಆಕ್ತಾರೆ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸಂಗು ನಿಂತಿತು. ಯಾಕೆ ನಿಂತಿತೆಂದು ನಮಗೆ ತಿಳಿಯುವಂತಿರಲಿಲ್ಲ. ಶಾಫ್ಟು ಅಲ್ಲಿಂದ ಕೂಗಳತೆ ದೂರ. ಅದರ ಮೇಲಿನ ದೊಡ್ಡ ಚಕ್ರ ಕಿಟಕಿಯಿಂದ ಅರ್ಧ ಕಾಣುತ್ತಿತ್ತು. ಚಕ್ರ ತಿರುಗಿದರೆ ಜನರನ್ನು ಹೊತ್ತ ಕೇಜು ಮೇಲೆ ಬರುತ್ತಿದೆ ಎಂದು ಲೆಕ್ಕ. ಬದುಕಿದವರು ಬರುತ್ತಿದ್ದಾರೋ ಹೆಣಗಳೋ, ಅದನ್ನು ಚಕ್ರ ಹೇಳುವುದಿಲ್ಲ. ತಿರುಗಿತು, ನಿಂತಿತು. ಮತ್ತೆ ತಿರುಗಿತು. ಮುನಿಯಪ್ಪ ಸರಳುಗಳ ನಡುವೆ ಹಣೆ ಒತ್ತಿಕೊಂಡು ಆ ಅರ್ಧ ಚಕ್ರವನ್ನೇ ನೋಡುತ್ತಿದ್ದ. ಆ ಕಿಟಕಿಯಿಂದ ಸರಿಯಾಗಿ ಕಾಣದಿದ್ದರೆ ಇನ್ನೊಂದು ಕಿಟಕಿಗೆ ಹೋಗುತ್ತಿದ್ದ, ಅಲ್ಲಿಂದ ಮತ್ತೊಂದಕ್ಕೆ. ಅವನು ಹಾಗೆ ಓಡಾಡುವುದನ್ನು ನೋಡುತ್ತಾ ಗೋಡೆಗೆ ಸರಿದು ನಿಂತೆ. ಆ ಹೊತ್ತಿಗೆ ಆ ಬಂಗಲೆಯಲ್ಲಿ ದೆವ್ವವಿದೆ ಎಂದು ಯಾರಾದರೂ ಹೇಳಿದ್ದರೆ ನಾನು ಇಲ್ಲವೆನ್ನುತ್ತಿರಲಿಲ್ಲ.

ಎಷ್ಟು ಹೊತ್ತು ಹಾಗೆ ಕಳೆಯಿತೋ. ಕೊನೆಗೆ ಗೋಡೆಗೊರಗಿ ಕೂತ. ತಲೆ ಎತ್ತದೆ ಹೇಳಿದ:

"ಸೀನ, ಒಂದ್ ಕಿತ ಎಂಕಟೇಸನಂಗೆ ಕರಿ ಕಣ್ಲಾ."

ನನ್ನ ಬಾಳಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿಕೊಂಡಿರಲಿಲ್ಲ. ವೆಂಕಟೇಶ ಪಾಳಿ ಮುಗಿಸಿ ಬಂದು ಬಾವಿಯ ಹತ್ತಿರ ನಿಂತು ಕೂಗುತ್ತಿದ್ದ ಹಾಗೆ, "ಅಪ್ಪಾ, ನೀರ್ ಸೇದ್ಕೊಡ್ತೀಯಾ?" ಎಂದೆ. ಮುನಿಯಪ್ಪ ಕಣ್ಣು ಮುಚ್ಚಿ ಕೇಳಿದ. "ಇನ್ನೊಂದ್ ಕಿತ" ಎಂದ. ಇನ್ನೊಂದು ಸಲ ಕರೆದೆ. ಮೂರನೆಯದಕ್ಕೆ ಬಾಯಿ ತೆಗೆದಾಗ ಕೈ ಅಡ್ಡ ಮಾಡಿ, "ಬ್ಯಾಡ. ಸಾಕು" ಎಂದು ಮಂಡಿಯ ನಡುವೆ ಮುಖ ಇಟ್ಟುಕೊಂಡ.

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿಸಿತು. "ಅಪ್ಪಾ!"

ಮುನಿಯಪ್ಪ ತಲೆ ಎತ್ತಲಿಲ್ಲ. "ಸಾಕು ಅಂದ್ನಲ್ಲಲಾ."

"ಮಾವ, ನಾನಲ್ಲ" ಎಂದೆ.

ಕಿಟಕಿಯ ಆಚೆ ಒಬ್ಬ ನಿಂತಿದ್ದ. ಕೂದಲು, ಹುಬ್ಬು, ರೆಪ್ಪೆ, ಅಂಗಿ ಎಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗೆ. ಮುನಿಯಪ್ಪ ಅವನನ್ನು ನೋಡಿದ. ಎದ್ದು ಕಿಟಕಿಗೆ ಓಡುವ ಬದಲು ಗೋಡೆಗೆ ಇನ್ನಷ್ಟು ಒತ್ತಿಕೊಂಡ. ದೆವ್ವವನ್ನು ಮನೆಯ ಆಳಿನ ಹಾಗೆ ದುಡಿಸಿಕೊಂಡವನು ಈಗ ಅದಕ್ಕೇ ಹೆದರಿದ್ದ.

"ಲೇ ಸೀನ," ಪಿಸುಗುಟ್ಟಿದ, "ನಿಂಗೂ ಕಾಣ್ತಾನೇನ್ಲಾ?"

ಕಾಣುತ್ತಾನೆ ಎಂದೆ. ನನ್ನ ಮಾತನ್ನು ಅವನು ನಂಬಲಿಲ್ಲ. ನಂಬುವ ಹಾಗೆ ನಾನು ಯಾವತ್ತು ಮಾತಾಡಿದ್ದೆ? ತೆವಳಿಕೊಂಡು ನನ್ನ ಹತ್ತಿರ ಬಂದು, ತನ್ನ ಒರಟು ಅಂಗೈಯಿಂದ ನನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿದ. ಮುಚ್ಚಿಕೊಂಡು, ಉಸಿರು ಹಿಡಿದು, ಕಿಟಕಿಯ ಕಡೆ ನೋಡಿದ.

"ಅಪ್ಪಾ, ಯಾಕಿಂಗ್ ನೋಡ್ತೀಯಾ? ನಾನ್ ಕಣಪ್ಪಾ" ಎಂದ ವೆಂಕಟೇಶ.

ನನ್ನ ತುಟಿ ಮುನಿಯಪ್ಪನ ಅಂಗೈಯಡಿ ಅಲುಗಿರಲಿಲ್ಲ. ಅದು ಅವನಿಗೆ ತಿಳಿಯಿತು. ಕೈ ಸಡಿಲವಾಯಿತು. ಆಮೇಲೆ ಅವನು ಅತ್ತದ್ದನ್ನು ನಾನು ಯಾರಿಗೂ ಮಾಡಿ ತೋರಿಸಿಲ್ಲ.

ವೆಂಕಟೇಶನ ಹಿಂದೆಯೇ ನಾಗಮ್ಮ ಹಾರೆ ಹಿಡಿದುಕೊಂಡು ಬಂದಿದ್ದಳು. ಶಾಫ್ಟಿನ ಹತ್ತಿರ ಮಗ ಸಿಕ್ಕಿದ ಮೇಲೆ ಗಂಡ ಯಾಕೆ ಬರಲಿಲ್ಲವೆಂದು ಇಬ್ಬರೂ ಹುಡುಕಿಕೊಂಡು ಬಂದಿದ್ದರು. ಬಾಗಿಲು ಸಿಕ್ಕಿಕೊಂಡಿದೆ ಎಂದು ಬಂಗಲೆಯಿಂದ ದೆವ್ವ ಕೂಗುತ್ತಿದೆ ಎನ್ನುತ್ತಾ ದಾರಿಯಲ್ಲಿ ರಾಜಮ್ಮ ತಡೆದಳಂತೆ. "ದೆವ್ವ ನನ್ ಗಂಡನಂಗೆ ಕೂಗಿದ್ರೆ ಅದುನ್ನೂ ಮನೆಗ್ ಕರ್ಕೊಂಡ್ ಓಯ್ತೀನಿ, ಬುಡೇ" ಎಂದು ನಾಗಮ್ಮ ಅವಳನ್ನು ತಳ್ಳಿಕೊಂಡು ಬಂದಳು. ಕಿಟಕಿಯಿಂದ ಬೀಗದ ಕೈ ಇಸಿದುಕೊಂಡು, ಹಿಂಬಾಗಿಲ ಬೀಗ ತೆಗೆದು, ಹಾರೆಯಿಂದ ಮೀಟಿ ನಮ್ಮನ್ನು ಹೊರಗೆ ತಂದರು. ಅವತ್ತು ಕೆಳಗೆ ಸಿಕ್ಕಿಕೊಂಡವರಲ್ಲಿ ಎಲ್ಲರೂ ವೆಂಕಟೇಶನ ಹಾಗೆ ನಡೆದುಕೊಂಡು ಮೇಲೆ ಬರಲಿಲ್ಲ. ಸಾಲುಮನೆಗಳಲ್ಲಿ ಮೂರು ದಿನ ಒಲೆ ಉರಿಯಲಿಲ್ಲ.

ದೆವ್ವದ ಹೆಸರು ಮಾತ್ರ ಇನ್ನೂ ದೊಡ್ಡದಾಯಿತು. ಮಸಿ ಮುಖದ್ದೊಂದು ಹೊಸದಾಗಿ ಸೇರಿದೆ ಎಂದು ಆಂಡರ್ಸನ್‌ಪೇಟೆಯವರೆಗೂ ಸುದ್ದಿ. ಭಾನುವಾರ ಜನ ಬಂದರು. ಮುನಿಯಪ್ಪ ಬಂಗಲೆಯ ಗೇಟಿನಲ್ಲಿ ಇರಲಿಲ್ಲ. ಪಾಳಿ ಬಿಡುವ ಹೊತ್ತಿಗೆ ಅವನು ಬಂಗಲೆಗೆ ಬೀಗವನ್ನೂ ಹಾಕದೆ ಶಾಫ್ಟಿನ ಗೇಟಿಗೆ ಹೋಗಿ ನಿಲ್ಲುತ್ತಿದ್ದ. ವೆಂಕಟೇಶ ಹೊರಗೆ ಬಂದದ್ದನ್ನು ನೋಡಿ ಹಿಂದಿರುಗುತ್ತಿದ್ದ. ಮಗನ ವಾರ ರಾತ್ರಿ ಪಾಳಿಗೆ ಬದಲಾದರೆ ಅಪ್ಪನ ನಿದ್ದೆಯೂ ಬದಲಾಗುತ್ತಿತ್ತು. ತೆರೆದು ಬಿದ್ದಿದ್ದ ಬಂಗಲೆಯನ್ನು ಒಂದು ದಿನ ಊರಿಗೆ ಹೊಸಬನಾದ ಆಫೀಸರೊಬ್ಬ ಒಳಹೊಕ್ಕು ನೋಡಿ ಮೆಚ್ಚಿಕೊಂಡ. ಕತೆ ಹೇಳಿ ಹೆದರಿಸುವವರು ಯಾರೂ ಅಲ್ಲಿರಲಿಲ್ಲ. ತಿಂಗಳೊಳಗೆ ಅವನ ಅಡುಗೆಯವನು ಬಂದ, ಮುನಿಯಪ್ಪನ ಸಂಸಾರ ಸಾಲುಮನೆಗೆ ಹೋಯಿತು. "ಇಲ್ಲಿಂದ ಗೇಟಿಗೆ ಅತ್ರ ಕಣ್ಲಾ" ಎಂದಷ್ಟೇ ಅವನು ನನಗೆ ಹೇಳಿದ್ದು.

ನನಗೆ ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಹೇಳಿ ಹೋಗಲು ಶಾಫ್ಟಿನ ಗೇಟಿನ ಹತ್ತಿರವೇ ಹೋದೆ. "ನೆಲದ ಮ್ಯಾಲಿನ ಕೆಲ್ಸಾನಾ?" ಎಂದು ಕೇಳಿದ. ಹೂಂ ಎಂದೆ. "ಓಗು ಮತ್ತೆ" ಎಂದವನು ಒಳಗಿನಿಂದ ಬರುತ್ತಿದ್ದ ಮುಖಗಳ ಕಡೆ ತಿರುಗಿಬಿಟ್ಟ. ಅದೇ ಕೊನೆ.

ಹೋದ ವರ್ಷ ಮುನಿಯಪ್ಪ ತೀರಿಕೊಂಡ. ತಿಥಿ ಕಳೆದ ಮೇಲೆ ವೆಂಕಟೇಶ ಬೂದಿಕೋಟೆಯ ಬಸ್ಸು ಹಿಡಿಯಲು ಬಂಗಾರಪೇಟೆಗೆ ಬಂದವನು ಗೂಡ್ಸ್ ಶೆಡ್ಡಿಗೆ ಬಂದು ಕೂತ. ಇಬ್ಬರೂ ಟೀ ಕುಡಿದೆವು. ಇನ್ನೂ ಕೆಳಗೇ ಇಳೀತೀಯಾ ಎಂದು ಕೇಳಿದೆ.

"ಇಳೀತೀನಿ. ಇನ್ನೇನ್ ಮಾಡ್ಲಿ?" ಎಂದ. ಲೋಟವನ್ನು ಕೈಯಲ್ಲೇ ತಿರುಗಿಸಿದ. "ಮೇಲೆ ಬಂದ್ ಮೇಲೆ ಗೇಟ್ನಾಗೆ ಅಪ್ಪ ನಿಲ್ತಿದ್ದ ತಾವ ಒಂದ್ ಗಳಿಗೆ ನಿಂತ್ಕೊತೀನಿ ಕಣ್ಲಾ ಸೀನ. ಯಾರಾನಾ ಗುರ್ತಿನೋರು ಬಂದು, ಏನಪ್ಪಾ ಎಂಕಟೇಸ ಅಂತ ಮಾತಾಡ್ಸೋಗಂಟ ಕಾಲೇ ಬರಲ್ಲ."