ಕಾಕಾನ ದೋಣಿಗೆ ನಂಬರು ಬಿದ್ದದ್ದು

ಪುರಸಭೆಯ ನಂಬರಿನ ಹಿತ್ತಾಳೆ ಬಿಲ್ಲೆ ಬೀಳುವವರೆಗೆ ಸೈಕಲ್ಲು ಎರಡು ಗಾಲಿಯ ಕಬ್ಬಿಣ. ಬಿದ್ದ ಕ್ಷಣದಿಂದ ಗೋಡೆಗೆ ಒರಗುವಾಗಲೂ ಅದಕ್ಕೊಂದು ಗಾಂಭೀರ್ಯ ಪ್ರಾಪ್ತವಾಗುವುದನ್ನು ನೀವೂ ಗಮನಿಸಿರಬಹುದು. ಸಂಖ್ಯೆಯಿಂದ ವಸ್ತುವಿಗೆ ಘನತೆ ಬರುತ್ತದೆಂಬುದು ಶುದ್ಧ ಮೌಢ್ಯವೆಂದು ಜಮಖಂಡಿಯ ಕಾಲೇಜಿನ ಚರ್ಚಾಕೂಟದಲ್ಲಿ ಸಾಧಿಸಿ ಬಹುಮಾನದ ಢಾಲು ಗೆದ್ದವನು ನಾನು. ಕಾಕಾನ ದೋಣಿಯನ್ನು ನೋಂದಾಯಿಸುವ ಕೆಲಸ ಸರಿಯಾಗಿ ನನ್ನ ಕೊರಳಿಗೇ ಬಿತ್ತು.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಬನಹಟ್ಟಿಯ ನೂಲಿನ ವ್ಯಾಪಾರಿ. ಮನೆಯ ಎಡಬಲಕ್ಕೆಲ್ಲ ಪವರ್‌ಲೂಮು; ಆ ಖಟಖಟದೊಳಗೇ ಹುಟ್ಟಿದ, ಮದುವೆಯಾದ, ಅರ್ಧ ಕಿವುಡನಾದ. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಅವನಿಗೆ ಒಂದೇ ಆಸೆ: ಗಲಗಲಿಯ ಹತ್ತಿರ ಕೃಷ್ಣೆಯ ನಡುವೆ ಸುಮ್ಮನೆ ಕೂಡಬೇಕು. ಬಡಿಗನಿಂದ ದೋಣಿ ಮಾಡಿಸಿದ. ಬಣ್ಣಕ್ಕೆ ಟ್ರ್ಯಾಕ್ಟರುಗಳ ಪೇಂಟರನನ್ನು ಕರೆಸಿದ. ಆ ಪುಣ್ಯಾತ್ಮ ಅಭ್ಯಾಸಬಲದಿಂದ ದೋಣಿಯ ಬೆನ್ನಿಗೆ ‘ಹಾರ್ನ್ ಹೊಡೀರಿ’ ಎಂದು ಬರೆದ. ಮೊಸಳೆಗಳಿಗೆ ತಿಳಿದಿರಲಿ ಎಂದು ಕಾಕಾ ಅದನ್ನು ಅಳಿಸಲಿಲ್ಲ.

ಆದರೆ ನೋಂದಣಿಯಿಲ್ಲದ ದೋಣಿಯನ್ನು ನೀರಿಗಿಳಿಸಲು, ಜನರನ್ನು ಹೊಳೆ ದಾಟಿಸುವ ಗುತ್ತಿಗೆದಾರ ಬಿಡಲೊಲ್ಲ. ನೋಂದಣಿ ಕಚೇರಿಯ ಸಾಹೇಬರು ಬಡಿಗನ ಪಾವತಿ ಚೀಟಿ ನೋಡಿ ಒಡೆತನವನ್ನೇನೋ ಒಪ್ಪಿದರು. ಉಪಯೋಗದ ಕಾಲಮಿನಲ್ಲಿ ನಾನು ಬರೆದ ‘ವಿಹಾರ’ದ ಮೇಲೆ ಅವರ ಪೆನ್ನು ನಿಂತಿತು.

“ಮಂದೀನ್ನ ದಾಟಸ್ತೀರೇನು?”

“ಇಲ್ರಿ,” ಎಂದ ಕಾಕಾ.

“ಮೀನ ಹಿಡೀತೀರಿ?”

“ಲಿಂಗಾಯತ ಮನಿತನರಿ, ಎಲ್ಲೀ ಮೀನ!”

“ಮತ್ತ ಯಾಕ ಹೋಗ್ತೀರಿ?”

“ಸುಮ್ನರಿ.”

“ಹೊಳ್ಯಾಗ ಸುಮ್ನ ಯಾರರೆ ಹೋಗ್ತಾರೇನ್ರಿ?”

ನಾನು ಎದ್ದು ನಿಂತೆ. ನಿಷ್ಪ್ರಯೋಜನವೇ ವಿಹಾರದ ಲಕ್ಷಣವೆಂದೂ, ಪ್ರಯೋಜನ ಸೇರಿದರೆ ಅದು ಉದ್ಯೋಗವಾಗುವುದೆಂದೂ ಮಂಡಿಸಿದೆ. ನನ್ನ ವಾಗ್ಝರಿ ಏರಿದಂತೆಲ್ಲ ಸಾಹೇಬರ ಸಂಶಯವೂ ಏರಿತು. ಇಷ್ಟು ಮಾತಿನವನನ್ನು ಕರೆತಂದವರು ಹೊಳೆಯ ಉಸುಕು ಕದಿಯುವವರೇ ಇರಬೇಕು ಎಂದುಕೊಂಡರೋ ಏನೋ.

“ಬುಧವಾರ ಬಂದು ನೋಡ್ತೇನಿ. ಸುಳ್ಳಾತಂದ್ರ ದೋಣಿ ಜಪ್ತಿ!”

ಹೊರಗೆ ಬಂದು ಕಾಕಾ ಹೇಳಿದ: “ಲೇ ವಕೀಲಾ, ಬುಧವಾರ ಬಾಯಿ ತಗದಿ ಅಂದ್ರ ನಿನ್ನ ಹೊಳ್ಯಾಗ ಒಗದಬಿಡ್ತೇನಿ ನೋಡ.”

ಬುಧವಾರ ಸಾಹೇಬರೇ ದೋಣಿ ಹತ್ತಿದ್ದರಿಂದ ಗುತ್ತಿಗೆದಾರ ಅಂದಿನ ಮಟ್ಟಿಗೆ ಬಿಟ್ಟ; ನಾನು ತುಟಿ ಹೊಲಿದುಕೊಂಡು ಹುಟ್ಟು ಹಾಕಿದೆ. ನಡುಹೊಳೆಯಲ್ಲಿ ಕಾಕಾ ಕೈಯೆತ್ತಿದ, ನಿಲ್ಲಿಸಿದೆ.

“ಯಾಕ ನಿಂತ್ರಿ? ಆ ದಂಡಿಗೆ ಹೋಗೂದಿಲ್ಲೇನು?” ಎಂದರು ಸಾಹೇಬರು.

“ಅಲ್ಲೇನೈತ್ರಿ?” ಎನ್ನುತ್ತ ಕಾಕಾ ಚುರುಮುರಿಯ ಪೊಟ್ಟಣ ಬಿಚ್ಚಿದ.

ನನ್ನ ನಾಲಗೆಯ ತುದಿಯಲ್ಲಿ ವಿಹಾರದ ಹೊಸ ವ್ಯಾಖ್ಯಾನವೊಂದು ಕುಣಿಯುತ್ತಿತ್ತು. ಚುರುಮುರಿಯೊಂದಿಗೆ ಅದನ್ನೂ ನುಂಗಿದೆ. ಸಾಹೇಬರು ಥಟ್ಟನೆ ಅಗಿಯುವುದನ್ನು ನಿಲ್ಲಿಸಿ, ತಲೆ ವಾರೆ ಮಾಡಿ ಆಲಿಸಿದರು.

“ಏನೂ ಕೇಳಸವಲ್ದಲ್ರಿ!” ಎಂದರು ಮೆಲ್ಲಗೆ. “ನನ್ನ ಬಾಡಿಗಿ ಖೋಲಿ ರಬಕವ್ಯಾಗ. ಗ್ವಾಡಿ ಆಚೀಕ ಲೂಮರಿ. ಬದಲಿಯಾಗಿ ಬಂದಾಗಿಂದ…”

ಮಾತು ಮುಗಿಸದೆ ಬೂಟು ಕಳಚಿದರು. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಬಿಸಿಲು ಇಳಿಯುವವರೆಗೆ ನಾವು ಎಲ್ಲಿಗೂ ಹೋಗಲಿಲ್ಲ.

ದಡಕ್ಕೆ ಬಂದವರೇ ಸಾಹೇಬರು ದೋಣಿಯ ಅಂಚಿನ ಮೇಲೆ ಕಾಗದವಿಟ್ಟು ‘ವಿಹಾರ’ಕ್ಕೆ ಸಹಿ ಜಡಿದರು. ಬೂಟಿನ ದಾರ ಕಟ್ಟುತ್ತ, “ಮುಂದಿನ ಬುಧವಾರನೂ ತಪಾಸಣಿ ಮಾಡಬೇಕಾಗ್ತದರಿ,” ಎಂದರು.

“ಬರ್ರಿ, ಚುರುಮುರಿ ಜಾಸ್ತಿ ತರ್ತೇನಿ,” ಎಂದ ಕಾಕಾ.

ಬಾಯಿ ತೆರೆಯದೆ ನಾನು ಗೆದ್ದ ಏಕೈಕ ವಾದವಿದು. ಢಾಲು ಮಾತ್ರ ಕೊಡಲಿಲ್ಲ. ಅದೇ ಪೇಂಟರನು ‘ಹಾರ್ನ್ ಹೊಡೀರಿ’ಯ ಮೇಲೆ ನಂಬರು ಬರೆದ. ಗುತ್ತಿಗೆದಾರನ ಕಣ್ಣೆದುರೇ ದೋಣಿಯನ್ನು ನೀರಿಗೆ ನೂಕಿದೆವು. ಅದು ಕೃಷ್ಣೆಯ ಮೇಲೆ ಬಿಲ್ಲೆ ಹೊಡೆದ ಸೈಕಲ್ಲಿನ ಗತ್ತಿನಲ್ಲಿ ನಿಂತುಕೊಂಡಿತು. ಸಂಖ್ಯೆಯಿಂದ ಘನತೆ ಬರುತ್ತದೆಯೆ? ಬರುವುದಿಲ್ಲವೆನ್ನಲು ನನ್ನಲ್ಲಿ ಈಗಲೂ ಒಳ್ಳೊಳ್ಳೆಯ ಯುಕ್ತಿಗಳಿವೆ. ಆದರೆ ದೋಣಿಯಲ್ಲಿ ಮಾತಾಡಲು ಅಪ್ಪಣೆಯಿಲ್ಲ.